ಚುಕ್ಕಿ ಇಡುವ ಮುನ್ನ

ಧನುರ್ಮಾಸದ ಬೆಳಗಿನಲ್ಲಿ ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಬಿಡಿಸುವ ದೊಡ್ಡ ರಂಗೋಲಿ ಮೊದಲು ಹುಟ್ಟುವುದು ಅಂಗಳದಲ್ಲಲ್ಲ. ಹಿಂದಿನ ರಾತ್ರಿಯೇ ಅದು ಹಳೆಯ ನೋಟುಬುಕ್ಕಿನ ಹಾಳೆಯೊಂದರಲ್ಲಿ ಹುಟ್ಟಿರುತ್ತದೆ. ಹದಿನೈದು ಚುಕ್ಕಿಯಿಂದ ಎಂಟರವರೆಗೆ ಎಂದು ಎಣಿಸಿ, ಗೆರೆ ಎಲ್ಲಿ ಹೊರಟು ಎಲ್ಲಿ ತಿರುಗಿ ಎಲ್ಲಿ ಬಂದು ಕೂಡಬೇಕೆಂದು ಪೆನ್ಸಿಲಿನಿಂದ ನೋಡಿ, ತಪ್ಪಿದ್ದನ್ನು ಅಳಿಸಿ, ಮನಸ್ಸಿಗೆ ಒಪ್ಪಿದ ಮೇಲೆಯೇ ರಂಗೋಲಿಯ ಪುಡಿ ಕೈಗೆ ಬರುತ್ತದೆ. ಹಾಳೆಯ ಮೇಲಿನ ತಪ್ಪಿಗೆ ರಬ್ಬರು ಉಂಟು. ಸಾರಿಸಿದ ನೆಲದ ಮೇಲಿನ ತಪ್ಪನ್ನು ಬೀದಿಯೆಲ್ಲ ನೋಡುತ್ತದೆ.

ಅದೇ ದಿನಗಳಲ್ಲಿ ಕ್ರಿಸ್‌ಮಸ್ ಹಬ್ಬವೂ ಬರುತ್ತದೆ. ಮನೆಯ ಮುಂದೆ ಕಾಗದದ ನಕ್ಷತ್ರ ತೂಗುತ್ತದೆ, ಗೋದಲಿ ಸಿದ್ಧವಾಗುತ್ತದೆ, ಬಾಗಿಲಿಗೆ ದೀಪದ ಸರ ಬೀಳುತ್ತದೆ. ಈಚಿನ ವರ್ಷಗಳಲ್ಲಿ ಈ ದೀಪಗಳು ಸುಮ್ಮನೆ ಉರಿಯುವುದನ್ನು ಬಿಟ್ಟು ಹಾಡಿನ ತಾಳಕ್ಕೆ ಓಡಲು, ಹರಿಯಲು, ಅರಳಲು ಕಲಿತಿವೆ. ಹೀಗೆ ಕುಣಿಯುವ ದೀಪಗಳಿಗೂ ಒಂದು ನೋಟುಬುಕ್ಕು ಬಂದಿದೆ. ಕಂಪ್ಯೂಟರಿನೊಳಗಿರುವ ಆ ನೋಟುಬುಕ್ಕಿಗೆ ಮುನ್ನೋಟದ ತಂತ್ರಾಂಶವೆಂದು ಹೆಸರು. ಅದು ತೋರಿಸುವುದೇನು, ತೋರಿಸದೆ ಬಿಡುವುದೇನು ಎಂಬುದೇ ಈ ವಾರದ ವಿಚಾರ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಮಾತೆಂದು ವಾಚಕರಿಗೆ ಕೊನೆಯಲ್ಲಿ ತೋರಿದರೆ ಆಶ್ಚರ್ಯವಿಲ್ಲ.

ದೀಪ ಕುಣಿಸುವ ಆಸೆ ಮಾತ್ರ ಹೊಸದಲ್ಲ. ೧೮೮೨ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ಥಾಮಸ್ ಎಡಿಸನ್ನರ ಸಹೋದ್ಯೋಗಿಗಳಾದ ಎಡ್ವರ್ಡ್ ಜಾನ್ಸನ್ ಎಂಬವರು ತಮ್ಮ ಮನೆಯ ಕ್ರಿಸ್‌ಮಸ್ ಗಿಡಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ ೮೦ ವಿದ್ಯುದ್ದೀಪಗಳನ್ನು ಕಟ್ಟಿದರು. ಗಿಡವು ವಿದ್ಯುತ್ತಿನ ಬಲದಿಂದಲೇ ತನ್ನ ಸುತ್ತ ತಾನು ತಿರುಗುತ್ತಿತ್ತು. ತಿರುಗಿದಂತೆಲ್ಲ ಕೆಲವು ದೀಪಗಳು ಆರಿ ಕೆಲವು ಹೊತ್ತುತ್ತಿದ್ದವು. ಆ ಹೊತ್ತಿಗೆ ನಮ್ಮ ನಾಡಿನಲ್ಲಿ ಎಣ್ಣೆಯ ದೀಪದ್ದೇ ರಾಜ್ಯ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಮುಟ್ಟಿದ್ದು ೧೯೦೨ರಲ್ಲಿ, ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು ೧೯೦೫ರಲ್ಲಿ.

ಆಮೇಲೆ ಬಹುಕಾಲ ನಮಗೆ ಪರಿಚಿತವಾಗಿದ್ದುದು ಸೀರಿಯಲ್ ಸೆಟ್ಟು. ಆರು ವೋಲ್ಟಿನ ಮೂವತ್ತೆಂಟು ಪುಟ್ಟ ಬಲ್ಬುಗಳನ್ನು ಒಂದರ ಹಿಂದೊಂದು ಪೋಣಿಸಿದರೆ ಮನೆಯ ೨೩೦ ವೋಲ್ಟಿಗೆ ಲೆಕ್ಕ ಸರಿಹೋಗುತ್ತದೆ. ಒಗ್ಗಟ್ಟಿನಲ್ಲಿ ಅವಿಭಕ್ತ ಕುಟುಂಬವನ್ನೂ ಮೀರಿಸಿದ ಸರವದು. ಒಂದು ಬಲ್ಬು ಮುನಿದರೆ ಉಳಿದ ಮೂವತ್ತೇಳೂ ಕಣ್ಣು ಮುಚ್ಚಿಬಿಡುತ್ತಿದ್ದವು.

ಇಂದಿನ ಪಿಕ್ಸೆಲ್ ಸರದ ಸ್ವಭಾವ ಬೇರೆ. ಅದರ ಒಂದೊಂದು ಚುಕ್ಕಿಯಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳೂ, ಅವುಗಳಿಗೆ ಯಜಮಾನನಂತೆ ಒಂದು ಸಣ್ಣ ಬಿಲ್ಲೆಯೂ ಇರುತ್ತವೆ. ನಿಯಂತ್ರಕದಿಂದ ಅಪ್ಪಣೆಗಳು ಒಂದೇ ತಂತಿಯಲ್ಲಿ ಸಾಲಾಗಿ ಬರುತ್ತವೆ. ಪಂಕ್ತಿಯಲ್ಲಿ ಕುಳಿತವರು ತಮ್ಮ ಎಲೆಯನ್ನು ತೆಗೆದುಕೊಂಡು ಉಳಿದ ಕಟ್ಟನ್ನು ಪಕ್ಕದವರಿಗೆ ದಾಟಿಸುವಂತೆ, ಮೊದಲ ಚುಕ್ಕಿ ತನ್ನ ಮೂರು ಅಂಕಿಗಳನ್ನು ಇಟ್ಟುಕೊಂಡು ಮಿಕ್ಕುದನ್ನು ಮುಂದಕ್ಕೆ ಕಳುಹಿಸುತ್ತದೆ. ಪ್ರತಿ ಬಣ್ಣಕ್ಕೂ ಸೊನ್ನೆಯಿಂದ ೨೫೫ರವರೆಗೆ ಮೆಟ್ಟಿಲುಗಳು. ಮೂರನ್ನೂ ಬೆರೆಸಿದರೆ ೧,೬೭,೭೭,೨೧೬ ಛಾಯೆಗಳು. ಇಷ್ಟು ಸ್ವಾತಂತ್ರ್ಯ ಕೈಗೆ ಬಂದಾಗ ಮನುಷ್ಯನು ಕೆಡುವುದು ಸುಲಭ. ಆದುದರಿಂದಲೇ ನೋಟುಬುಕ್ಕಿನ ಅವಶ್ಯಕತೆ.

ಒಂದು ಮನೆಯನ್ನೇ ಊಹಿಸಿಕೊಳ್ಳೋಣ. ರಾಯಚೂರು ಜಿಲ್ಲೆಯ ಗುಂಜಹಳ್ಳಿಯಲ್ಲಿ ಆ ಮನೆ ಇರಲಿ. ಆದಿಲಶಾಹಿಗಳ ಕಾಲದಿಂದಲೂ ಮುದಗಲ್ಲಿನಲ್ಲಿ ಕ್ರೈಸ್ತ ಸಮುದಾಯವೊಂದು ನೆಲೆಸಿರುವ ಜಿಲ್ಲೆ ಇದು. ಇಲ್ಲಿ ಕ್ರಿಸ್‌ಮಸ್ ನಿನ್ನೆ ಮೊನ್ನೆ ಬಂದ ಹಬ್ಬವಲ್ಲ. ಮಾಳಿಗೆಯ ಮನೆ, ಅದರ ಅಂಚಿಗೆ ಕುಂಬಿ, ಒಂದು ಬಾಗಿಲು, ಎರಡು ಕಿಟಕಿ, ಅಂಗಳದಲ್ಲಿ ಒಂದು ಬೇವಿನ ಮರ. ಕಾಲೇಜಿನಲ್ಲಿ ಓದುವ ಮಗನೊಬ್ಬನು ಈ ವರ್ಷ ಮನೆಯನ್ನು ಬೆಳಗಬೇಕೆಂದು ಹೊರಟಿದ್ದಾನೆ.

ಅವನು ಮೊದಲು ಮಾಡಬೇಕಾದ ಕೆಲಸ ಏಣಿ ಹತ್ತುವುದಲ್ಲ, ಬೀದಿಯಲ್ಲಿ ನಿಂತು ಮನೆಯ ಛಾಯಾಚಿತ್ರ ತೆಗೆಯುವುದು. ಎಲ್ಲಿ ನಿಂತು ತೆಗೆಯಬೇಕು? ನೋಡುವವರು ಎಲ್ಲಿ ನಿಲ್ಲುತ್ತಾರೋ ಅಲ್ಲಿಯೇ. ಅಂಗಳದೊಳಗೆ ನಿಂತು ತೆಗೆದರೆ ದೀಪವೆಲ್ಲ ಮನೆಯವರ ಕಣ್ಣಿಗೆ ಹೊಂದುತ್ತದೆಯೇ ಹೊರತು ದಾರಿಹೋಕರ ಕಣ್ಣಿಗಲ್ಲ. ಎಕ್ಸ್‌ಲೈಟ್ಸ್, ವಿಕ್ಸೆನ್ ಎಂಬ ತಂತ್ರಾಂಶಗಳು ಈ ಕೆಲಸಕ್ಕೆ ಪುಕ್ಕಟೆಯಾಗಿ ದೊರೆಯುತ್ತವೆ. ಛಾಯಾಚಿತ್ರವನ್ನು ಹಿನ್ನೆಲೆಯಾಗಿ ಹಾಸಿ, ಅದನ್ನು ರಾತ್ರಿಯಂತೆ ಮಬ್ಬುಗೊಳಿಸಿ, ಅದರ ಮೇಲೆ ಚುಕ್ಕಿಗಳನ್ನು ಇಡುತ್ತ ಹೋಗಬೇಕು. ಕುಂಬಿಗೆ ೧೫೦, ಬಾಗಿಲು ಕಿಟಕಿಗಳಿಗೆ ೧೦೦, ಬೇವಿನ ಮರಕ್ಕೆ ೨೦೦, ಮೇಲಿನ ನಕ್ಷತ್ರಕ್ಕೆ ೫೦, ಒಟ್ಟು ೫೦೦. ಅಂಗಡಿಗೆ ಹೋಗುವ ಮೊದಲೇ ಎಷ್ಟು ಕೊಳ್ಳಬೇಕೆಂಬ ಪಟ್ಟಿ ಕೈಯಲ್ಲಿ ಸಿದ್ಧವಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಧ್ಯಮ ವರ್ಗದ ಸಂಸಾರಕ್ಕೆ ಇದೇ ಮೊದಲ ಲಾಭ.

ಎರಡನೆಯದು ಕ್ರಮದ ಲಾಭ. ಎಲೆಯ ಕಟ್ಟು ದಾಟುವ ಪಂಕ್ತಿ ಎಲ್ಲಿ ಆರಂಭವಾಯಿತು, ಯಾವ ಕಡೆಗೆ ಹೊರಳಿತು ಎಂಬುದು ತೆರೆಯ ಮೇಲೂ ಮರದ ಮೇಲೂ ಒಂದೇ ಆಗಿರಬೇಕು. ತೆರೆಯಲ್ಲಿ ಬುಡದಿಂದ ತುದಿಗೆ ಏರುವ ಬೆಳಕು, ಸರವನ್ನು ತಲೆಕೆಳಗಾಗಿ ಕಟ್ಟಿದರೆ ಮರದ ಮೇಲೆ ತುದಿಯಿಂದ ಬುಡಕ್ಕೆ ಜಾರುತ್ತದೆ. ಇದನ್ನು ಮೊದಲೇ ಗುರುತು ಹಾಕಿಕೊಂಡರೆ ಮರವನ್ನು ಒಮ್ಮೆ ಹತ್ತಿದರೆ ಸಾಕು.

ಇನ್ನು ಕುಣಿತ. ಹಾಡಿನ ನಾದವನ್ನು ತಂತ್ರಾಂಶ ಅಲೆಯಂಥ ಗೆರೆಯಾಗಿ ತೋರಿಸುತ್ತದೆ. ತಾಳ ಬೀಳುವಲ್ಲಿ ಗುರುತು ಹಾಕಿ, ಆ ಗುರುತಿನ ಕೆಳಗೆ ಯಾವ ಸರ ಏನು ಮಾಡಬೇಕೆಂದು ಬರೆಯುತ್ತ ಹೋಗುವುದೇ ಕೆಲಸ. ಸೆಕೆಂಡಿಗೆ ೪೦ ಚಿತ್ರಗಳಂತೆ ಲೆಕ್ಕ ಹಾಕಿದರೆ ೫೦೦ ಚುಕ್ಕಿಗಳ ಮೂರು ನಿಮಿಷದ ಹಾಡಿಗೆ ಒಂದು ಕೋಟಿ ಎಂಟು ಲಕ್ಷ ಅಂಕಿಗಳು ಹರಿಯಬೇಕು. ಅಷ್ಟನ್ನೂ ಯಂತ್ರ ತಾನೇ ಬರೆದುಕೊಳ್ಳುತ್ತದೆ. ಅಭಿರುಚಿಯನ್ನು ಮಾತ್ರ ನಾವೇ ಒದಗಿಸಬೇಕು.

ಅಭಿರುಚಿಯ ಪಾಠಕ್ಕೆ ದೂರ ಹೋಗಬೇಕಾಗಿಲ್ಲ. ೧೯೧೨ರಲ್ಲಿ ಪೂರ್ಣಗೊಂಡ ಮೈಸೂರಿನ ಅರಮನೆಯನ್ನು ಬೆಳಗುವ ಬಲ್ಬುಗಳು ಸುಮಾರು ಒಂದು ಲಕ್ಷ. ಅವುಗಳಲ್ಲಿ ಒಂದಾದರೂ ಓಡುವುದಿಲ್ಲ, ಮಿಣುಕುವುದಿಲ್ಲ. ಕಮಾನು ಎಲ್ಲಿದೆಯೋ ಅಲ್ಲಿ ಕಮಾನಿನ ಗೆರೆ, ಗೋಪುರ ಎಲ್ಲಿದೆಯೋ ಅಲ್ಲಿ ಗೋಪುರದ ಗೆರೆ. ಕತ್ತಲಲ್ಲಿ ಕಾದು ನಿಂತ ಜನಸಮೂಹ ಎಲ್ಲವೂ ಒಮ್ಮೆಲೇ ಹೊತ್ತಿದ ಕ್ಷಣದಲ್ಲಿ ಉದ್ಗರಿಸುತ್ತದೆ. ಆ ಉದ್ಗಾರಕ್ಕೆ ಕಾರಣ ಬೆಳಕಷ್ಟೇ ಅಲ್ಲ. ಅದರ ಹಿಂದಿನ ಕತ್ತಲೆಯೂ ಹೌದು. ಅದೇ ಊರಿನ ೨೦೨೪ರ ದಸರೆಯಲ್ಲಿ ಬನ್ನಿಮಂಟಪದ ಆಕಾಶದಲ್ಲಿ ೧,೫೦೦ ಡ್ರೋನುಗಳು ಚಿತ್ರ ಬಿಡಿಸಿದವು. ಅಂಥ ಪ್ರದರ್ಶನದಲ್ಲಿ ಪ್ರತಿಯೊಂದರ ದಾರಿಯನ್ನೂ ಕಂಪ್ಯೂಟರಿನಲ್ಲಿ ಮೊದಲೇ ಬರೆದು ನೋಡದೆ ಹಾರಿಸುವಂತಿಲ್ಲ. ಒಂದಕ್ಕೊಂದು ಢಿಕ್ಕಿ ಹೊಡೆದ ಮೇಲೆ ಆಕಾಶದಲ್ಲಿ ತಿದ್ದಲು ಅವಕಾಶವೆಲ್ಲಿ?

ನಮ್ಮ ಗುಂಜಹಳ್ಳಿಯ ಹುಡುಗನು ಮೊದಲ ಸಲ ಮಾಡಿದ ಮುನ್ನೋಟದಲ್ಲಿ ಎಲ್ಲವೂ ಏಕಕಾಲಕ್ಕೆ ಕುಣಿಯುತ್ತಿರುತ್ತದೆಂದು ಧಾರಾಳವಾಗಿ ಊಹಿಸಬಹುದು. ಹೊಸಬರೆಲ್ಲ ಮಾಡುವುದು ಹಾಗೆಯೇ. ಹಿಂದೆ ನಿಂತು ನೋಡಿದ ಅಜ್ಜಿ, "ಯಪ್ಪಾ, ಎಲ್ಲಾನೂ ಹಿಂಗ ಕುಣಿಸಿದರ ಯಾವುದನ್ನ ನೋಡಬೇಕೋ? ಮ್ಯಾಲಿನ ಚುಕ್ಕಿ ಒಂದರ ಸುಮ್ಮನ ನಿಂದರಲಿ" ಎಂದರೆ, ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಯಾವ ಕಲಾಶಾಲೆಯೂ ಹೇಳಲಾರದು. ಆ ಕಡೆ ಆಕಾಶದ ನಕ್ಷತ್ರಕ್ಕೂ ಅಂಗಳದ ರಂಗೋಲಿಯ ಬಿಂದುವಿಗೂ ಚುಕ್ಕಿ ಎಂಬ ಒಂದೇ ಹೆಸರು. ಬೆತ್ಲೆಹೇಮಿಗೆ ದಾರಿ ತೋರಿದ ಚುಕ್ಕಿ ಒಂದೆಡೆ ಸ್ಥಿರವಾಗಿ ನಿಂತು, ಕೆಳಗಿನ ಮರದಲ್ಲಿ ಮಾತ್ರ ಬೆಳಕು ನಿಧಾನವಾಗಿ ಏರಲಿ. ಹಾಡಿನ ನಡುವೆ ಎರಡು ಸೆಕೆಂಡು ಮನೆಯೆಲ್ಲ ಕತ್ತಲಾಗಲಿ. ಈ ಮಾರ್ಪಾಟಿಗೆ ತಗಲುವ ಖರ್ಚು ಸೊನ್ನೆ. ಮುನ್ನೋಟದ ನಿಜವಾದ ಉಪಕಾರ ಇದು: ಎಲ್ಲಿ ದೀಪ ಬೇಕು ಎಂಬುದಕ್ಕಿಂತ ಎಲ್ಲಿ ಬೇಡ ಎಂಬುದನ್ನು ಅದು ಕಾಸಿಲ್ಲದೆ ಕಲಿಸುತ್ತದೆ.

ಮುನ್ನೋಟದ ಮುಂದೆ ಕುಳಿತಾಗಲೇ ನೋಡಿಕೊಳ್ಳಬೇಕಾದ ಇನ್ನೊಂದು ಸಂಗತಿಯಿದೆ. ೧೯೯೭ರ ಡಿಸೆಂಬರ್ ೧೬ರಂದು ಜಪಾನಿನಲ್ಲಿ ಪೋಕೆಮಾನ್ ಎಂಬ ವ್ಯಂಗ್ಯಚಿತ್ರ ಕಥೆಯ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ರಭಸದಿಂದ ಮಿಣುಕಿದ್ದನ್ನು ನೋಡಿ ಆರುನೂರಕ್ಕೂ ಹೆಚ್ಚು ಮಂದಿಯನ್ನು, ಬಹುಪಾಲು ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. ಮಿಣುಕುವ ಬೆಳಕು ಕೆಲವರಲ್ಲಿ ಮೂರ್ಛೆಯನ್ನು ಕೆರಳಿಸುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಇಡೀ ಮನೆ ಹೊತ್ತಿ ಆರದಂತೆ ಎಚ್ಚರ ವಹಿಸುವುದು ಬೀದಿಯ ಮಕ್ಕಳ ಬಗ್ಗೆ ನಮಗಿರಬೇಕಾದ ಕರ್ತವ್ಯ.

ಇನ್ನು ಮುನ್ನೋಟ ತೋರಿಸದ ಸಂಗತಿಗಳು. ಕನ್ನಡಿಯೊಳಗಿನ ಗಂಟು ಭಾರವಿರುವುದಿಲ್ಲ. ತೆರೆಯ ಮೇಲಿನ ದೀಪಕ್ಕೆ ತಂತಿ ಇರುವುದಿಲ್ಲ. ಅಲ್ಲಿ ಐನೂರನೆಯ ಚುಕ್ಕಿಯೂ ಮೊದಲನೆಯದರಷ್ಟೇ ಬೆಳ್ಳಗೆ ಹೊಳೆಯುತ್ತದೆ. ಗೋಡೆಯ ಮೇಲೆ ಹಾಗಾಗುವುದಿಲ್ಲ. ಐದು ವೋಲ್ಟಿನ ಒಂದು ಚುಕ್ಕಿ ಪೂರ್ಣ ಬಿಳಿಯಾಗಿ ಉರಿಯಲು ಸುಮಾರು ೬೦ ಮಿಲಿಆಂಪಿಯರ್ ಬೇಕು. ಐನೂರಕ್ಕೆ ೩೦ ಆಂಪಿಯರ್. ಒಟ್ಟು ಶಕ್ತಿ ೧೫೦ ವಾಟ್ ಮಾತ್ರ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ದಿನ ಎಡೆಬಿಡದೆ ಉರಿಸಿದರೂ ಒಂಬತ್ತು ಯೂನಿಟ್ಟು. ಬಿಲ್ಲಿಗೆ ಹೆದರಬೇಕಾದುದಿಲ್ಲ. ಹೆದರಬೇಕಾದುದು ಆ ಮೂವತ್ತು ಆಂಪಿಯರಿಗೆ. ಸ್ನಾನದ ಮನೆಯ ೨,೦೦೦ ವಾಟಿನ ಗೀಸರು ೨೩೦ ವೋಲ್ಟಿನಲ್ಲಿ ಎಳೆಯುವುದು ಒಂಬತ್ತು ಆಂಪಿಯರಿಗಿಂತ ಕಡಿಮೆ. ಅದಕ್ಕೆ ಮೂರು ಪಾಲು ಮೀರಿದ ಪ್ರವಾಹವನ್ನು ದಾರದಂಥ ತಂತಿಯಲ್ಲಿ ಹರಿಸಿದರೆ ತಂತಿ ಕಾಯುತ್ತದೆ, ಹೊದಿಕೆ ಕರಗುತ್ತದೆ. ಬೇವಿನ ಒಣ ಎಲೆ ಪಕ್ಕದಲ್ಲಿಯೇ ಇರುತ್ತದೆ.

ಅಷ್ಟು ದೂರ ಹೋಗದಿದ್ದರೂ ಬಣ್ಣ ಕೆಡುವುದಂತೂ ಖಂಡಿತ. ೨೩೦ ವೋಲ್ಟಿನಲ್ಲಿ ಅರ್ಧ ವೋಲ್ಟು ಹೋದರೆ ಯಾರಿಗೂ ತಿಳಿಯದು. ಐದು ವೋಲ್ಟಿನಲ್ಲಿ ಅರ್ಧ ಹೋದರೆ ಹತ್ತರಲ್ಲೊಂದು ಪಾಲು ಹೋದಂತೆ. ನೀಲಿ ಮತ್ತು ಹಸಿರು ದೀಪಗಳಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜು ಬೇಕಾದ್ದರಿಂದ ಅವು ಮೊದಲು ಸೊರಗುತ್ತವೆ. ಸರದ ತುದಿಗೆ ಹೋದಂತೆ ಬಿಳಿಯು ಹಳದಿಯಾಗಿ, ಕೆಂಪಗಾಗಿ ಕಾಣುತ್ತದೆ. ಇದಕ್ಕೆ ಪರಿಹಾರ ಎರಡು: ಅಲ್ಲಲ್ಲಿ ದಪ್ಪ ತಂತಿಯಿಂದ ಪ್ರತ್ಯೇಕವಾಗಿ ವಿದ್ಯುತ್ತು ಒದಗಿಸುವುದು, ಮತ್ತು ಕಾಂತಿಯನ್ನು ನೂರಕ್ಕೆ ಮೂವತ್ತಕ್ಕೆ ಇಳಿಸುವುದು. ಎರಡನೆಯದಕ್ಕೆ ಖರ್ಚಿಲ್ಲ, ಕಣ್ಣಿಗೂ ಹಿತ.

ಐದು ವೋಲ್ಟು ಮುಟ್ಟಿದವರನ್ನು ಕೊಲ್ಲುವುದಿಲ್ಲ. ಆದರೆ ಆ ಐದು ವೋಲ್ಟನ್ನು ಕೊಡುವ ಪೆಟ್ಟಿಗೆಯ ಹಿಂಬದಿಯಲ್ಲಿ ೨೩೦ ವೋಲ್ಟು ಕಾದಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಆ ಪೆಟ್ಟಿಗೆ ಇಬ್ಬನಿಗೂ ಮಳೆಗೂ ಸಿಗದಂತೆ ಮಾಡಿನ ಕೆಳಗಿರಬೇಕು. ಅದಕ್ಕೆ ಸರಿಯಾದ ಅರ್ಥಿಂಗ್ ಇರಬೇಕು. ೩೦ ಮಿಲಿಆಂಪಿಯರ್ ಸೋರಿದೊಡನೆ ತಾನಾಗಿ ಕಳಚಿಕೊಳ್ಳುವ ಆರ್‌ಸಿಸಿಬಿ ಸ್ವಿಚ್ಚಿನ ಮೂಲಕವೇ ಅದಕ್ಕೆ ವಿದ್ಯುತ್ತು ಬರಬೇಕು. ಬೀದಿಯ ಕಂಬದ ತಂತಿಗೆ ಕೊಕ್ಕೆ ಹಾಕುವ ಯೋಚನೆಯಂತೂ ಕನಸಿನಲ್ಲಿಯೂ ಬೇಡ. ಅದು ೨೦೦೩ರ ವಿದ್ಯುತ್ ಕಾಯಿದೆಯ ಪ್ರಕಾರ ಕಳವು. ಕಾಯಿದೆಗೆ ಮೊದಲೇ ಅದು ಮೃತ್ಯುವಿಗೆ ಕೊಟ್ಟ ಆಹ್ವಾನ. ಕೃಷ್ಣೆಯ ದಡದ ಶಕ್ತಿನಗರದಲ್ಲಿ ೧೯೮೫ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ಬೆಳಕು ಕಳಿಸುತ್ತ ಬಂದ ಜಿಲ್ಲೆಯಲ್ಲಿ, ಹಬ್ಬದ ಒಂದು ಸರಕ್ಕಾಗಿ ಒಂದು ಮನೆ ಕತ್ತಲಾಗುವುದು ಯಾರಿಗೂ ಬೇಡ.

ನೆರೆಯವರೂ ಮುನ್ನೋಟದಲ್ಲಿ ಕಾಣಿಸುವುದಿಲ್ಲ. ಅಮೆರಿಕದ ಓಹಾಯೋ ರಾಜ್ಯದ ಮೇಸನ್ ಎಂಬ ಪಟ್ಟಣದಲ್ಲಿ ಒಬ್ಬ ಇಂಜಿನಿಯರು ೨೦೦೪ರಲ್ಲಿ ಸುಮಾರು ೧೬,೦೦೦ ದೀಪಗಳನ್ನು ಹಾಡಿಗೆ ಹೊಂದಿಸಿದರು. ಮರುವರ್ಷ ಅದರ ಚಿತ್ರ ಲೋಕವನ್ನೆಲ್ಲ ಸುತ್ತಿತು. ನೋಡಲು ಬಂದ ವಾಹನಗಳಿಂದ ದಾರಿ ಕಟ್ಟಿ, ಕೊನೆಗೆ ಅವರು ದೀಪವನ್ನೇ ಆರಿಸಬೇಕಾಯಿತು. ಅವರು ಹಾಡನ್ನು ಕಿರುರೇಡಿಯೋ ಮೂಲಕ ಕಾರುಗಳಿಗೆ ಮಾತ್ರ ಕೇಳಿಸುತ್ತಿದ್ದರು. ನಮ್ಮಲ್ಲಿ ಧ್ವನಿವರ್ಧಕವಿಲ್ಲದ ಹಬ್ಬ ಅಪರೂಪ. ರಾತ್ರಿ ಹತ್ತರ ಮೇಲೆ ಅದನ್ನು ಹಾಕಬಾರದೆಂದು ೨೦೦೦ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯೋ ನಿದ್ದೆ ಬಾರದ ಮುದುಕರೋ ಇದ್ದರೆ ನಿಯಮಕ್ಕಿಂತ ಮೊದಲೇ ನಿಲ್ಲಿಸುವುದು ಲೇಸು.

ಆದ್ದರಿಂದ ಹಬ್ಬಕ್ಕೆ ಒಂದು ತಿಂಗಳಿರುವಾಗಲೇ ಚಿತ್ರ ತೆಗೆಯಿರಿ, ಚುಕ್ಕಿ ಎಣಿಸಿರಿ, ಮನೆಮಂದಿಯೆಲ್ಲ ಕುಳಿತು ಮುನ್ನೋಟ ನೋಡಿರಿ, ಹಿರಿಯರು ಬೇಡವೆಂದುದನ್ನು ಅಳಿಸಿರಿ. ಅನಂತರ ಕಂಪ್ಯೂಟರನ್ನು ಮುಚ್ಚಿ, ತಂತಿಯ ದಪ್ಪವನ್ನೂ ಅರ್ಥಿಂಗನ್ನೂ ಬಲ್ಲ ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಏಣಿಯ ಸರದಿ ಅದಾದ ಮೇಲೆ. ನಡುರಾತ್ರಿಯ ಪೂಜೆ ಮುಗಿಸಿ ಚಳಿಯಲ್ಲಿ ಮನೆಗೆ ನಡೆದು ಬರುವವರಿಗೆ ಕುಣಿತ ಬೇಕಾಗಿರುವುದಿಲ್ಲ. ಆ ಹೊತ್ತಿಗೆ ಉಳಿದುದೆಲ್ಲ ಆರಿ, ಮಾಳಿಗೆಯ ಮೇಲೆ ಒಂದು ಚುಕ್ಕಿ ಅಲುಗದೆ ಉರಿಯುತ್ತಿದ್ದರೆ ಸಾಕು.