ಕಲ್ಲಿಗೆ ಕಾನೂನು, ಮನುಷ್ಯರಿಗೆ?

2001ರ ಮಾರ್ಚಿನಲ್ಲಿ ಅಫ್ಘಾನಿಸ್ತಾನದ ಬಾಮಿಯಾನ್ ಕಣಿವೆಯಲ್ಲಿ ತಾಲಿಬಾನಿಗಳು ಎರಡು ಬುದ್ಧ ವಿಗ್ರಹಗಳನ್ನು ಸಿಡಿಮದ್ದಿಟ್ಟು ಪುಡಿ ಮಾಡಿದರು. ಒಂದು 55 ಮೀಟರ್ ಎತ್ತರ, ಇನ್ನೊಂದು 38. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ನಮ್ಮ ಕೈಗಿತ್ತ ಬುದ್ಧ ಅವನು. ನಮಗೆ ಸಂಕಟವಾಯಿತು. ಜಗತ್ತು ಬೊಬ್ಬೆ ಹಾಕಿತು. ಹಾಕಬೇಕಾದ್ದೇ.

ಆದರೆ ಅದೇ ವರ್ಷ ಜನವರಿಯಲ್ಲಿ, ಅದೇ ಬಾಮಿಯಾನ್ ಸೀಮೆಯ ಯಕಾವ್ಲಂಗಿನಲ್ಲಿ, ಅದೇ ತಾಲಿಬಾನಿಗಳು ಹಜಾರಾ ಗಂಡಸರನ್ನು ದನದ ಹಾಗೆ ಒಟ್ಟುಹಾಕಿ ಗುಂಡಿಕ್ಕಿದರಲ್ಲ, ಕಡಿಮೆಯೆಂದರೂ 170 ಹೆಣ ಬಿತ್ತಲ್ಲ, ಆಗ ಇಷ್ಟು ದೊಡ್ಡ ಬೊಬ್ಬೆ ಎಲ್ಲಿ ಹೋಗಿತ್ತು?

ಹಜಾರಾಗಳು ಆ ಕಣಿವೆಯ ಮಕ್ಕಳು, ತಲೆತಲಾಂತರದಿಂದ ತುಳಿತಕ್ಕೆ ಸಿಕ್ಕವರು. ಮುಸಲ್ಮಾನರಾದರೂ ಆ ವಿಗ್ರಹಗಳನ್ನು ಸಲ್ಸಾಲ್, ಶಹಮಾಮಾ ಅಂತ ಕರೆದು, ಕೂಡಲಾರದೆ ಕಲ್ಲಾದ ಪ್ರೇಮಿಗಳ ಕಥೆ ಕಟ್ಟಿಕೊಂಡಿದ್ದರು. ಸೆರೆಸಿಕ್ಕ ಹಜಾರಾಗಳ ಹೆಗಲ ಮೇಲೇ ಸಿಡಿಮದ್ದು ಹೊರಿಸಿದರು. ಹೊಡೆಯೋ ಕೋಲನ್ನ ನಮ್ಮ ಕೈಲೇ ತರಿಸೋ ಧಣಿಗಳನ್ನ ಕಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಇರಲಿಲ್ಲವಾ? ಇತ್ತು. ಎರಡನೇ ಮಹಾಯುದ್ಧದ ಬೂದಿಯಿಂದೆದ್ದ 1954ರ ಹೇಗ್ ಒಪ್ಪಂದ. ಯುದ್ಧದಲ್ಲಿ ಗುಡಿ, ಗ್ರಂಥಾಲಯ, ಶಿಲ್ಪ ಮುಟ್ಟಬೇಡಿ ಅನ್ನುತ್ತೆ. ಜೊತೆಗೇ 'ಅನಿವಾರ್ಯ ಸೈನಿಕ ಅಗತ್ಯ' ಅಂತ ಒಂದು ಕಿಂಡಿಯನ್ನೂ ಬಿಟ್ಟಿದೆ. ಅಗತ್ಯ ಬಿತ್ತೋ ಇಲ್ಲವೋ, ಹೇಳೋನು ಯಾರು? ಬಂದೂಕು ಹಿಡಿದೋನೇ! 1999ರಲ್ಲಿ ಕಿಂಡಿಯನ್ನು ಕಿರಿದು ಮಾಡಿದರು, ಮುಚ್ಚಲಿಲ್ಲ. ಅಫ್ಘಾನಿಸ್ತಾನ ಆಗ ಒಪ್ಪಂದಕ್ಕೆ ಸೇರಿರಲೂ ಇಲ್ಲ. ಮೇಲಾಗಿ ವಿಗ್ರಹದ ಮುಂದೆ ಯಾವ ಕದನವೂ ನಡೀತಿರಲಿಲ್ಲ. ಮನೆಯ ಯಜಮಾನನೇ ಮನೆ ಒಡೆದರೆ ಏನು ಮಾಡೋದು ಅಂತ ಕಾನೂನು ತಡವರಿಸಿತು.

ಬಾಮಿಯಾನ್‌ಗಾಗಿ ಯಾರೂ ಕಟಕಟೆ ಹತ್ತಲಿಲ್ಲ. ಹತ್ತಿಸಿದ್ದು ಆಫ್ರಿಕಾದ ಮಾಲಿ ದೇಶದ ಟಿಂಬಕ್ಟುವಿಗಾಗಿ. 2012ರಲ್ಲಿ ಅಲ್ಲಿನ ಸಂತರ ಗೋರಿಗಳನ್ನು ಒಡೆಸಿದ ಅಹ್ಮದ್ ಅಲ್ ಮಹ್ದಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 9 ವರ್ಷ ಸೆರೆ ಕೊಟ್ಟಿತು. ಸರಿಯಾದದ್ದೇ. ಆದರೆ ಆ ಆರೋಪಪಟ್ಟಿಯಲ್ಲಿ ಇದ್ದದ್ದು ಬರೀ ಹತ್ತು ಕಟ್ಟಡ. ಅದೇ ಊರಿನ ಬೀದಿಯಲ್ಲಿ ಚಾಟಿಯೇಟು ತಿಂದವರ ಸರದಿ ಬರೋಕೆ, ಅದೂ ಬೇರೊಬ್ಬನ ಮೊಕದ್ದಮೆಯಲ್ಲಿ, 2024 ಆಗಬೇಕಾಯಿತು.

ಕಲ್ಲು ಬೇಡ ಅಂತ ನಾವು ಹೇಳ್ತಿಲ್ಲ. ಟಿಂಬಕ್ಟುವಿನ ಗೋರಿಗಳನ್ನು 2015ರ ಹೊತ್ತಿಗೆ ಮಣ್ಣು ಕಲಸಿ ಮತ್ತೆ ಎಬ್ಬಿಸಿದ್ದು ಅಲ್ಲಿನ ಗಾರೆಯವರೇ. ಆ ಕೈಗಳು ಸತ್ತಿದ್ದರೆ ಯಾವ ಒಪ್ಪಂದ ಬಂದು ಕಟ್ಟುತ್ತಿತ್ತು? ಸಲ್ಸಾಲನ ಕಥೆ ಹೇಳೋ ಹಜಾರಾ ಮುದುಕಿಯ ಹೆಸರು ಯಾವ ಪಟ್ಟಿಯಲ್ಲಿದೆ?

2021ರಿಂದ ಬಾಮಿಯಾನನ್ನು ಆಳ್ತಿರೋರು ಮತ್ತೆ ತಾಲಿಬಾನಿಗಳೇ. ಬುದ್ಧ ನಿಂತಿದ್ದ ಖಾಲಿ ಗೂಡು ನೋಡೋಕೆ ಈಗ ಅವರೇ ಟಿಕೆಟ್ ಹರೀತಾರೆ.