ಬಸುರಿಯ ಮೂತ್ರ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ಕಿನ ಲೆಕ್ಕವೂ ಬರಲಿ

ಬೇಕರಿ, ಹೋಟೆಲ್ ಎಂದು ಕರಾವಳಿಯಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೋಗಿ ನೆಲೆಸಿದ ನಮ್ಮ ಮನೆಗಳು ಅಲ್ಲಿ ಮೊದಲು ಕಲಿಯುವುದು ನೀರಿನ ಪಾಠ. ಊರಿನಲ್ಲಿ ಬಾವಿ ನೀರು ಸೇದಿ ಕುಡಿದವರು ಅಲ್ಲಿ ಕೊಳವೆಬಾವಿಗೆ ಹೆದರಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು; ಆ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮೀರುತ್ತದೆ. ಹಾಗಾಗಿ ಮನೆಗೆ 20 ಲೀಟರಿನ ಕ್ಯಾನ್ ಬರುತ್ತದೆ.

ಫ್ಲೋರೈಡ್ ತಪ್ಪಿತು, ಸರಿ. ಆ ಕ್ಯಾನಿನ ಕಥೆಯೇನು?

ಗಟ್ಟಿ ಪಾಲಿಕಾರ್ಬೊನೇಟ್ ಕ್ಯಾನ್ ತಯಾರಾಗುವುದು ಬಿಸ್ಫಿನಾಲ್ ಎ ಎಂಬ ರಾಸಾಯನಿಕದಿಂದ. ಮಕ್ಕಳ ಹಾಲಿನ ಬಾಟಲಿಗೆ ಇದು ಬೇಡವೆಂದು ನಮ್ಮ ದೇಶದ ಮಾನಕ ಸಂಸ್ಥೆಯೇ 2015ರಲ್ಲಿ ಹೇಳಿದೆ. ಹುಟ್ಟಿದ ಮಗುವಿಗೆ ಬೇಡವಾದದ್ದು ಹೊಟ್ಟೆಯೊಳಗಿನ ಮಗುವಿಗೆ ಎಷ್ಟು ತಲುಪುತ್ತಿದೆ ಎಂದು ಯಾರಾದರೂ ಕೇಳಬೇಡವೇ? ಮೆದು ಪ್ಲಾಸ್ಟಿಕ್ಕಿನಲ್ಲಿ ಥಾಲೇಟ್ ಎಂಬ ಇನ್ನೊಂದು ಗುಂಪಿದೆ. ಸೆಂಟು, ಕ್ರೀಮುಗಳಲ್ಲೂ ಅದು ಇರುತ್ತದೆ.

ಅಳೆಯುವುದು ಆಗದ ಕೆಲಸವಲ್ಲ. ಅಮೆರಿಕದಲ್ಲಿ 171 ಬಸುರಿಯರ ಮೂತ್ರದಲ್ಲಿ 103 ರಾಸಾಯನಿಕಗಳನ್ನು ಹುಡುಕಿದ ವರದಿ 2022ರಲ್ಲಿ ಬಂತು. ಅದೇ ವರ್ಷ ಅಲ್ಲಿನ 16 ಅಧ್ಯಯನಗಳ 6,045 ಬಸುರಿಯರ ಲೆಕ್ಕ ಒಟ್ಟುಮಾಡಿ ನೋಡಿದಾಗ, ಕೆಲವು ಥಾಲೇಟ್‌ಗಳು ಹೆಚ್ಚಿದ್ದವರಲ್ಲಿ ದಿನ ತುಂಬದ ಹೆರಿಗೆಯೂ ಹೆಚ್ಚು ಕಂಡಿತು. ಮೂತ್ರದಲ್ಲಿ ಸಿಕ್ಕಿತು ಅಂದಕೂಡಲೇ ಕಾಯಿಲೆ ಎಂದಲ್ಲ, ಯಾರೂ ಗಾಬರಿಯಾಗುವುದು ಬೇಡ. ಆದರೆ ಅಳೆಯದೆ ಎಷ್ಟಿದೆ ಎಂದು ತಿಳಿಯುವುದು ಹೇಗೆ?

ತಾಯಿ ಕಾರ್ಡ್ ಹಿಡಿದು, ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳಿಂದ ಮೂತ್ರ ಹೇಗೂ ತೆಗೆದುಕೊಳ್ಳುತ್ತಾರೆ. ಪ್ರೋಟೀನ್, ಸಕ್ಕರೆ ನೋಡಿ ಚೆಲ್ಲುತ್ತಾರೆ. ಅದರಲ್ಲೇ ಒಂದು ಪಾಲನ್ನು ಗಾಜಿನ ಸೀಸೆಯಲ್ಲಿ ಶೈತ್ಯೀಕರಿಸಿ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರಾಯಿತು. ಒಂದೇ ಸಲ ಸಾಲದು. ಬಿಸ್ಫಿನಾಲ್ ಒಂದು ದಿನದೊಳಗೆ ಮೈಯಿಂದ ಬಹುಪಾಲು ಹೊರಹೋಗುತ್ತದೆ, ನಿನ್ನೆ ತಿಂದದ್ದು ಇವತ್ತು ಕಾಣುತ್ತದೆ ಅಷ್ಟೆ. ಮೂರು ನಾಲ್ಕು ತಿಂಗಳು ಬೇರೆ ಬೇರೆ ದಿನ ತೆಗೆಯಬೇಕು. ಕ್ಯಾನ್ ನೀರು ಕುಡಿಯುವವರು, ನಲ್ಲಿ ನೀರು ಕುಡಿಯುವವರು ಎಂದು ಬೇರೆಮಾಡಿ ನೋಡಲು ಈ ನಾಲ್ಕು ತಾಲೂಕಿಗಿಂತ ಸೂಕ್ತ ಜಾಗ ಸಿಗುವುದು ಕಷ್ಟ. ಫ್ಲೋರೈಡನ್ನೂ ಅಳೆದ ಮೇಲಲ್ಲವೇ ಶುದ್ಧ ನೀರಿನ ಘಟಕಗಳು ಬಂದದ್ದು! ಜಿಲ್ಲಾ ಆರೋಗ್ಯ ಇಲಾಖೆ ಮನಸ್ಸು ಮಾಡಬೇಕು.

ಈಗ ನಮ್ಮದೇ ಅಂಗಡಿಯ ಮಾತು. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕುದಿಯುವ ಚಹಾವನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಹಾಕಿ ಕೊಡುವವರಲ್ಲಿ ನಾವೂ ಇದ್ದೇವೆ. ಬಿಸಿ ತಾಗಿದಷ್ಟೂ ರಾಸಾಯನಿಕ ಬಿಡುವುದು ಹೆಚ್ಚು. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 251 ಕಡೆ ಇಡ್ಲಿ ಪರಿಶೀಲಿಸಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕಿ ಬೇಯಿಸಿದ್ದರು. ಅಂಥ ಕವರಿನ ಮೇಲೆ 2016ರಿಂದಲೇ ನಿಷೇಧವಿದೆ, ಕೌಂಟರಿನಲ್ಲಿ ಮಾತ್ರ ಕಟ್ಟುಗಟ್ಟಲೆ ಇದೆ.

ವರದಿ ಬರುವವರೆಗೆ ಬಸುರಿ ಇರುವ ಮನೆಯವರು ಕ್ಯಾನ್ ಬಿಟ್ಟು ಮತ್ತೆ ಕೊಳವೆಬಾವಿಗೆ ಹೋಗಬೇಡಿ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕ್ಯಾನನ್ನು ಬಿಸಿಲಿಗೆ ಇಡದೆ, ಬಂದಕೂಡಲೇ ನೀರನ್ನು ಸ್ಟೀಲ್ ಕೊಡಕ್ಕೋ ಮಣ್ಣಿನ ಹೂಜಿಗೋ ಸುರಿದುಕೊಳ್ಳಿ. ಪಾರ್ಸೆಲ್ ತರಲು ಹೋಗುವ ಹುಡುಗನ ಕೈಗೆ ಸ್ಟೀಲ್ ತೂಕುಪಾತ್ರೆ ಕೊಡಿ. ಅಂಗಡಿಯಲ್ಲಿ ಕುಳಿತ ಕಾಕ ಅದನ್ನು ನೋಡಿ ಮುಖ ಸಿಂಡರಿಸದಿದ್ದರೆ ಸಾಕು.