ನೇತ್ರಾಣಿಗೆ ಹೊರಡುವವರಿಗೆ

ಇಂಡಿ, ಸಿಂದಗಿಯವರಿಗೆ ಭೀಮೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಕೃಷ್ಣೆ. ಬಯಲುನಾಡಿನ ನಮಗೆ ಕಡಲು ದೂರದ ಮಾತು. ಆದರೂ ನಮ್ಮ ಮನೆಗಳ ತರುಣರು ಮುರುಡೇಶ್ವರಕ್ಕೆ ಹೋದರೆ ದೇವರ ದರ್ಶನವಾದ ಮೇಲೆ ನೇತ್ರಾಣಿ ದ್ವೀಪದ ಬಳಿ ಕಡಲೊಳಗೆ ಮುಳುಗಿ ಬರಬೇಕೆನ್ನುತ್ತಾರೆ. ಈ ಆಶೆಯನ್ನು ನಾವು ಹಳಿಯುವದಿಲ್ಲ. ದಡದಿಂದ ಸುಮಾರು 19 ಕಿಲೋಮೀಟರ ದೂರದ ಆ ದ್ವೀಪದ ಸುತ್ತ ಹವಳವೂ ಬಣ್ಣಬಣ್ಣದ ಮೀನುಗಳೂ ಇವೆ. ಅಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ಮಳೆಗಾಲದಲ್ಲಿ ಕಡಲು ಕೆರಳುವದರಿಂದ ಡಿಸೆಂಬರದಿಂದ ಫೆಬ್ರುವರಿಯೊಳಗೆ ಹೋಗುವದು ಲೇಸು. ಈಜು ಬಾರದವರನ್ನೂ ಶಿಕ್ಷಕರು ಜೊತೆಗಿದ್ದು ಇಳಿಸುವರು. ಆದರೆ ಉಬ್ಬಸ, ಹೃದ್ರೋಗ, ಕಿವಿಯ ಬೇನೆಯುಳ್ಳವರು ವೈದ್ಯರನ್ನು ಕೇಳದೆ ಇಳಿಯಬಾರದು.

ಹೆಚ್ಚಿನವರು ಮರೆಯುವ ಮಾತೊಂದುಂಟು. 10 ಮೀಟರ ಆಳದಲ್ಲಿ ಒತ್ತಡವು ಇಮ್ಮಡಿಯಾಗುವದು. ಆಗ ಉಸಿರಿನೊಳಗಿನ ಸಾರಜನಕವು ರಕ್ತದಲ್ಲಿ ಹೆಚ್ಚಾಗಿ ಕರಗುವದು. ಮೇಲೆ ಬಂದ ಬಳಿಕ ಅದು ಮೆಲ್ಲನೆ ಹೊರಬೀಳಬೇಕು. ಕೂಡಲೇ ಎತ್ತರದ ಸ್ಥಳಕ್ಕೇರಿದರೆ, ಸೋಡಾದ ಗೋಲಿಯೊತ್ತಿದಾಗ ಗುಳ್ಳೆಗಳೇಳುವಂತೆ, ಮೈಯೊಳಗೂ ಗುಳ್ಳೆಗಳೆದ್ದು ಕೀಲುನೋವು, ಕೆಲವೊಮ್ಮೆ ಲಕ್ವವೂ ತಗಲಬಹುದು. ಒಂದು ಸಲ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾದು ವಿಮಾನವೇರಬೇಕೆಂಬುದು ತಿಳಿದವರ ಸಲಹೆ. ನಾವು ಮರಳುವ ದಾರಿಯು ಘಟ್ಟವನ್ನೇರಿ, 2000 ಅಡಿಗೂ ಎತ್ತರದ ಹುಬ್ಬಳ್ಳಿಯ ಮೇಲೆ ಬರುವದರಿಂದ ನಮಗೂ ಅದೇ ಕ್ಷೇಮ.

ಆದುದರಿಂದ ವಾಚಕರೇ, ಪ್ರವಾಸದ ಕ್ರಮವನ್ನು ತಿರುಗಿಸಿರಿ. ಮೊದಲು ಕಡಲು, ದಡದಲ್ಲಿ ಒಂದು ರಾತ್ರಿ ವಿಶ್ರಾಂತಿ, ಮರುದಿನ ದೇವರ ದರ್ಶನ, ಆಮೇಲೆ ಊರ ದಾರಿ. ಒಂದು ದಿನದ ರಜೆಯನ್ನು ಉಳಿಸಹೋಗಿ ಆರೋಗ್ಯವನ್ನು ಕಳೆದುಕೊಳ್ಳುವದು ಜಾಣತನವಲ್ಲ.